ಬ್ರೈಟ್‌ನಲ್ಲಿ ಉಳಿದ ಅರುಂಧತಿ

ಅರುಂಧತಿ ಬ್ರೈಟ್‌ಗೆ ಬಂದದ್ದು ಮೂರು ದಿನ ಇದ್ದು ಹೋಗಲೆಂದು. 1992ರ ಜುಲೈ, ಆಸ್ಟ್ರೇಲಿಯಾದಲ್ಲಿ ಮಕ್ಕಳ ಚಳಿಗಾಲದ ರಜೆ. ಮೆಲ್ಬೋರ್ನ್‌ನಿಂದ ಕಾರಿನಲ್ಲಿ ನಾಲ್ಕು ಗಂಟೆ ಹಿಡಿಯುವ ಆ ಬೆಟ್ಟದೂರಿನಲ್ಲಿ ರಜೆಗೆ ಬಂದವರು ಮಾಡುವುದನ್ನೆಲ್ಲ ಮಾಡಿ, ಭಾನುವಾರ ಸಂಜೆ ಕ್ರೇಗಿಬರ್ನ್‌ನ ಬಾಡಿಗೆ ಮನೆಗೆ ಮರಳಿ, ಮಗಳ ಬಟ್ಟೆ ಒಗೆದು ಹಾಕಬೇಕು ಎಂದುಕೊಂಡೇ ಹೊರಟಿದ್ದಳು. ಆ ಮನೆಗೆ ಅವಳು ಮತ್ತೆ ಹೋದದ್ದು ಸಾಮಾನು ಕಟ್ಟಲು ಮಾತ್ರ.

ಅವಳ ಗಂಡ ಲಕ್ಷ್ಮೀಶ ಮೈಸೂರಿನವನು, ಸಿವಿಲ್ ಇಂಜಿನಿಯರ್. 1987ರಲ್ಲಿ ಸಿಡ್ನಿಗೆ ಬಂದು ನಾರ್ತ್ ಸಿಡ್ನಿಯ ಒಂದು ಕನ್ಸಲ್ಟೆನ್ಸಿಯಲ್ಲಿ ಕೆಲಸಕ್ಕೆ ಸೇರಿದ. ಅರುಂಧತಿ ಮೈಸೂರಿನ ಹೆಣ್ಣುಮಕ್ಕಳ ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಡುತ್ತಿದ್ದವಳು. ಇಲ್ಲಿ ಅವಳ ಬಿ.ಎಡ್. ಅನ್ನು ಯಾರೂ ಒಪ್ಪಲಿಲ್ಲ. ಬಟ್ಟೆ ಅಂಗಡಿಯೊಂದರಲ್ಲಿ ಕೆಲಸಕ್ಕೆ ನಿಂತಳು. ಅವರಿದ್ದ ಫ್ಲಾಟಿನ ಮೇಲಿನ ಮಹಡಿಯಲ್ಲಿ ಗುರುದತ್ತನೂ ಅವನ ಹೆಂಡತಿ ಉಷಾಳೂ ಅವರ ಪುಟ್ಟ ಮಗನೂ ಇದ್ದರು. ಗುರುದತ್ತ ಕಾಲೇಜಿನಲ್ಲಿ ಲಕ್ಷ್ಮೀಶನಿಗಿಂತ ಎರಡು ವರ್ಷ ಚಿಕ್ಕವನು, ಆಫೀಸಿನಲ್ಲಿ ಅವನ ಪಕ್ಕದ ಮೇಜಿನವನು. ಲಕ್ಷ್ಮೀಶ ದಪ್ಪಗೆ, ನಿಧಾನಕ್ಕೆ, ಬಾಗಿಲು ಹಾಕಿದ ಮೇಲೆ ಇನ್ನೊಮ್ಮೆ ಎಳೆದು ನೋಡುವ ಸ್ವಭಾವದವನು. ಗುರುದತ್ತ ಕಾರಿನ ಬೀಗವನ್ನೂ ಮರೆತು ಓಡುವ ಚುರುಕಿನವನು. ಒಬ್ಬರಿಗೊಬ್ಬರು ಹೇಗೆ ಹೊಂದಿಕೊಂಡರೋ, ಅಣ್ಣತಮ್ಮಂದಿರ ಹಾಗಿದ್ದರು. ಗುರುದತ್ತ ಅರುಂಧತಿಯನ್ನು ಅತ್ತಿಗೆ ಎಂದೇ ಕರೆಯುತ್ತಿದ್ದ.

ತೊಂಬತ್ತೊಂದರಲ್ಲಿ ಕಟ್ಟಡದ ಕೆಲಸಗಳೆಲ್ಲ ನಿಂತುಹೋದಾಗ ಆ ಆಫೀಸಿನಲ್ಲಿ ಅರ್ಧಕ್ಕರ್ಧ ಜನರನ್ನು ತೆಗೆದರು. ಲಕ್ಷ್ಮೀಶನ ಕೆಲಸ ಹೋಯಿತು, ಗುರುದತ್ತನದು ಉಳಿಯಿತು. ಬಹಳ ತಿಂಗಳು ಅಲೆದ ಮೇಲೆ ಲಕ್ಷ್ಮೀಶನಿಗೆ ಮೆಲ್ಬೋರ್ನ್‌ನಲ್ಲಿ ನೀರಿನ ಕೊಳವೆ ಹಾಕಿಸುವ ಕಂಪನಿಯೊಂದರಲ್ಲಿ ಕೆಲಸ ಸಿಕ್ಕಿತು. ಊರಾಚೆಯ ಕ್ರೇಗಿಬರ್ನ್‌ನಲ್ಲಿ ರೆಂಟ್ ಕಡಿಮೆ ಎಂದು ಅಲ್ಲಿಗೆ ಹೋದರು. ಬೀದಿಯ ಒಂದು ಕಡೆ ಹೊಸ ಮನೆಗಳು, ಇನ್ನೊಂದು ಕಡೆ ಒಣಹುಲ್ಲಿನ ಬಯಲು. ಅವರ ಮಗಳು ಮಹತಿಗೆ ಆಗ ಹತ್ತು ವರ್ಷ.

ಹಿಮ ನೋಡುವ ಆಲೋಚನೆ ಗುರುದತ್ತನದು. ಸಿಡ್ನಿಯಿಂದ ಫೋನ್ ಮಾಡಿ, "ಐದು ವರ್ಷ ಆಯ್ತು ಕಣೋ ಈ ದೇಶಕ್ಕೆ ಬಂದು, ಇನ್ನೂ ಸ್ನೋ ಮುಟ್ಟಿಲ್ಲ ಅಂದ್ರೆ ಜನ ನಗ್ತಾರೆ. ನಾನು ಬ್ರೈಟ್‌ನಲ್ಲಿ ಮೋಟೆಲ್ ಬುಕ್ ಮಾಡ್ತೀನಿ, ನೀವು ಆ ಕಡೆಯಿಂದ ಬನ್ನಿ" ಎಂದ. ಲಕ್ಷ್ಮೀಶನಿಗೆ ಚಳಿ ಆಗದು. ಆದರೂ ಗೆಳೆಯನನ್ನು ನೋಡಿ ಎಂಟು ತಿಂಗಳಾಗಿತ್ತು.

ಮೊದಲ ದಿನ ಚೆನ್ನಾಗಿಯೇ ಕಳೆಯಿತು. ಓವೆನ್ಸ್ ಹೊಳೆಯ ದಂಡೆಯುದ್ದಕ್ಕೂ ನಡೆದರು, ತೂಗುಸೇತುವೆಯ ಮೇಲೆ ಮಕ್ಕಳನ್ನು ಕುಣಿಸಿದರು, ಬೇಕರಿಯಲ್ಲಿ ಬಿಸಿ ಚಾಕೊಲೇಟ್ ಕುಡಿದರು. ಊರ ಬೀದಿಯ ಮರಗಳೆಲ್ಲ ಎಲೆ ಉದುರಿಸಿ ಬರಿ ಕಡ್ಡಿಯಾಗಿ ನಿಂತಿದ್ದವು. ಸಂಜೆ ಮೋಟೆಲಿನ ಹೀಟರ್ ಮುಂದೆ ಕೂತು ಉಷಾ ತಾನು ಹೆಣೆಯುತ್ತಿದ್ದ ಮಫ್ಲರ್‌ನ ಕೊನೆಯ ಸಾಲು ಮುಗಿಸಿದಳು. ಮರೂನ್ ಬಣ್ಣ, ಅಂಚಿಗೆ ಸಾಸಿವೆ ಹಳದಿ. ಗಂಡನ ಕೊರಳಿಗೆ ಸುತ್ತಿ, "ನಾಳೆ ಇದನ್ನ ಎಲ್ಲಾದ್ರೂ ಬಿಟ್ಟು ಬಂದ್ರೆ ನೋಡಿ" ಎಂದಳು. ಎಲ್ಲರೂ ನಕ್ಕರು.

ಮರುದಿನ ಬೆಳಗ್ಗೆ ಬೆಟ್ಟದ ಬುಡದ ಹಳ್ಳಿಯಲ್ಲಿ ಕಾರಿನ ಚಕ್ರಗಳಿಗೆ ಸರಪಳಿ, ಕಾಲಿಗೆ ಬೂಟು, ಮಕ್ಕಳಿಗೆ ಜಾರುವ ಪ್ಲಾಸ್ಟಿಕ್ ಹಲಗೆ, ಎಲ್ಲ ಬಾಡಿಗೆಗೆ ತೆಗೆದುಕೊಂಡರು. ಜೀನ್ಸ್ ಪ್ಯಾಂಟಿನ ಮೇಲೆ ಹಾಕಲು ನೀರು ಇಳಿಯದ ಪ್ಯಾಂಟು ಬೇಕೇ ಎಂದು ಅಂಗಡಿಯವನು ಕೇಳಿದ. ಹೆಂಗಸರಿಗೂ ಮಕ್ಕಳಿಗೂ ಸಾಕು ಎಂದರು ಗಂಡಸರು.

ಮೇಲೆ ಹಾಥಮ್ ಬೆಟ್ಟದ ನೆತ್ತಿಯಲ್ಲಿ ಬಿಸಿಲಿತ್ತು. ಮಕ್ಕಳು ಮಧ್ಯಾಹ್ನದವರೆಗೆ ಜಾರಿದರು. ಕಾರಿನ ಹಿಂಭಾಗದ ಬಾಗಿಲೆತ್ತಿ ಅದರ ಕೆಳಗೆ ನಿಂತು ಎಲ್ಲರೂ ತಣ್ಣಗಾದ ಚಿತ್ರಾನ್ನ ತಿಂದರು. ರಸ್ತೆಯ ಪಕ್ಕದಲ್ಲಿ ಒಂದು ಫಲಕವಿತ್ತು: ಹಿಂದಿನ ಕಾಲದ ದನ ಮೇಯಿಸುವವರ ಗುಡಿಸಲಿಗೆ ಹೋಗುವ ಕಾಲುದಾರಿ. ದಾರಿಗುಂಟ ಕಂಬ ನೆಟ್ಟಿದ್ದರು.

"ಬಾರೋ, ಆ ಹಟ್ ನೋಡ್ಕೊಂಡು ಬಂದ್ಬಿಡೋಣ" ಎಂದ ಗುರುದತ್ತ. "ಇಷ್ಟು ದೂರ ಬಂದು ಬರೀ ಮಕ್ಕಳ ಜೊತೆ ಜಾರುಬಂಡೆ ಆಡೋದಾ?"

"ನನ್ನ ಮಂಡಿ ಒಪ್ಪಬೇಕಲ್ಲಪ್ಪ."

"ಒಪ್ಪತ್ತೆ ಬಾ."

ಅರುಂಧತಿ ಆಕಾಶ ನೋಡಿದಳು. ಪಡುವಣದಲ್ಲಿ ಒಂದಿಷ್ಟು ಮೋಡವಿತ್ತು, ಅಷ್ಟೆ. "ಬೇಗ ಬಂದ್ಬಿಡಿ ರೀ, ಕತ್ತಲಾಗೋ ಮುಂಚೆ ಕೆಳಗಿಳೀಬೇಕು" ಎಂದಳು. ಲಕ್ಷ್ಮೀಶ ಕೈಯೆತ್ತಿ ಹೊರಟ. ಇಬ್ಬರೂ ಬಿಳಿಯ ದಿಬ್ಬದ ಮೇಲೆ ಚಿಕ್ಕದಾಗುತ್ತಾ ಹೋಗಿ ಆಚೆ ಇಳಿದರು.

ಒಂದು ಗಂಟೆಯೊಳಗೆ ಮಂಜು ಬಂತು. ಬೆಟ್ಟದ ಮೇಲಿನ ಮಂಜು ಬಯಲಿನ ಮಂಜಿನ ಹಾಗೆ ಮೆಲ್ಲಗೆ ಕವಿಯುವುದಲ್ಲ. ಗಾಳಿಯ ಜೊತೆ ನುಗ್ಗಿತು, ಹಿಂದೆಯೇ ಹಿಮ ಸುರಿಯಿತು. ಹತ್ತು ಮಾರು ದೂರದ ಕಾರು ಕಾಣದಾಯಿತು. ಅರುಂಧತಿಯೂ ಉಷಾಳೂ ಮಕ್ಕಳನ್ನು ಕಾರಿನೊಳಗೆ ಕೂರಿಸಿ, ಹಾರ್ನ್ ಒತ್ತುತ್ತಾ ಕಾದರು. ಹಿಮ ತೆಗೆಯುವ ಗಾಡಿಯವನೊಬ್ಬ ನಿಲ್ಲಿಸಿ ವಿಷಯ ಕೇಳಿ, ವೈರ್‌ಲೆಸ್‌ನಲ್ಲಿ ಹೇಳಿದ.

ಕತ್ತಲಾಗುವ ಹೊತ್ತಿಗೆ ರಸ್ತೆಯಲ್ಲಿ ತೂರಾಡುತ್ತಿದ್ದ ಗುರುದತ್ತನನ್ನು ಯಾರೋ ತಮ್ಮ ಕಾರಿನಲ್ಲಿ ಕರೆತಂದರು. ಮುಖ ಬೂದಿ ಬಣ್ಣಕ್ಕೆ ತಿರುಗಿತ್ತು, ಹುಬ್ಬಿನ ಮೇಲೆ ಹಿಮ ಗಟ್ಟಿಯಾಗಿತ್ತು. ಹಲ್ಲು ಕಟಕಟನೆ ಬಡಿಯುತ್ತಿತ್ತು.

"ಇವರೆಲ್ಲಿ?" ಎಂದಳು ಅರುಂಧತಿ.

"ತಪ್ಪಿಹೋದ ಅತ್ತಿಗೆ. ನನ್ನ ಹಿಂದೇನೇ ಬರ್ತಿದ್ದ. ತಿರುಗಿ ನೋಡಿದ್ರೆ ಇರ್ಲಿಲ್ಲ."

ಪೊಲೀಸರು ಬಂದು ಎಲ್ಲಿ ತಪ್ಪಿದ್ದು ಎಂದು ಕೇಳಿದರು. ಗುಡಿಸಲು ದಾಟಿ ಆ ಕಡೆಯ ಇಳಿಜಾರಿಗೆ ಹೋಗಿಬಿಟ್ಟಿದ್ದೆವು, ಅಲ್ಲೇ, ಎಂದ ಗುರುದತ್ತ. ನಕ್ಷೆಯ ಮೇಲೆ ಬೆರಳಿಟ್ಟು ತೋರಿಸಿದ. ಆ ರಾತ್ರಿಯೂ ಮರುದಿನವೂ ಪೊಲೀಸರು, ಸ್ಕೀ ಹಾಕಿಕೊಂಡ ಸ್ವಯಂಸೇವಕರು ಆ ಇಳಿಜಾರನ್ನೂ ಅದರ ಕೆಳಗಿನ ಕಣಿವೆಯನ್ನೂ ಜಾಲಾಡಿದರು. ಬಿರುಗಾಳಿ ನಿಂತ ಮೇಲೆ ಹೆಲಿಕಾಪ್ಟರ್ ಬಂತು. ಏನೂ ಸಿಗಲಿಲ್ಲ. ವಾರ ಕಳೆದ ಮೇಲೆ ಸಾರ್ಜೆಂಟ್ ಮೋಟೆಲಿಗೆ ಬಂದು ಟೋಪಿ ತೆಗೆದು ಮಂಡಿಯ ಮೇಲಿಟ್ಟುಕೊಂಡು ಕೂತ. "ಇನ್ನು ಹಿಮ ಕರಗಬೇಕು, ಅಮ್ಮ. ಅಕ್ಟೋಬರ್ ಆಗಬಹುದು, ನವೆಂಬರ್ ಆಗಬಹುದು" ಎಂದ.

ಗುರುದತ್ತ ಹಿಮಕ್ಕೆ ಮರಗಟ್ಟಿದ್ದ ಕಾಲ್ಬೆರಳುಗಳಿಗೆ ಚಿಕಿತ್ಸೆ ಮಾಡಿಸಿಕೊಂಡು ಸಿಡ್ನಿಗೆ ಹೋದ. ಹೋಗುವಾಗ ಅರುಂಧತಿಯ ಮುಖ ನೋಡಲಾರದೆ ಬಾಗಿಲ ಚೌಕಟ್ಟು ಹಿಡಿದು ಅತ್ತ. ಪಾಪ, ಎಷ್ಟು ನೊಂದಿದ್ದಾನೆ ಎಂದುಕೊಂಡಳು ಅವಳು.

ಮೆಲ್ಬೋರ್ನ್‌ನಿಂದ ಕನ್ನಡದವರು ಬಂದರು. ಆಗ ಇದ್ದವರೇ ಕೆಲವು ಮನೆಯವರು. ಡಬ್ಬಿಗಳಲ್ಲಿ ಅನ್ನ, ಸಾರು, ಪಲ್ಯ ತಂದು ಮೋಟೆಲಿನ ಫ್ರಿಜ್ ತುಂಬಿಸಿದರು. ಅವರಲ್ಲಿ ಹಿರಿಯರಾದ ವಸಂತಾ ಎಂಬವರು ಅವಳ ತಲೆ ಸವರಿ, "ಇಲ್ಲಿದ್ದು ಏನ್ಮಾಡ್ತೀಯಮ್ಮ? ಯಾರೂ ನಮ್ಮವರಿಲ್ಲ. ನಮ್ಮನೇಗೆ ನಡಿ" ಎಂದರು.

"ಅವರು ಇಲ್ಲೇ ಇದಾರಲ್ಲ ಆಂಟಿ."

ವಸಂತಾ ಒಂದು ಡಬ್ಬಿಯ ಮುಚ್ಚಳ ತೆಗೆದು ಅವಳ ಮುಂದೆ ಅನ್ನ ಬಡಿಸಿದರು.

ಮೈಸೂರಿನಿಂದ ಅತ್ತೆ ಭಾಗೀರಥಮ್ಮ ಫೋನ್ ಮಾಡಿದರು. ಅಳು ಮುಗಿದ ಮೇಲೆ ಅವರ ದನಿ ಬಿಗಿಯಾಯಿತು. "ಕಣ್ಣಾರೆ ನೋಡೋವರೆಗೂ ಕುಂಕುಮ ತೆಗೀಬೇಡ. ಎಲ್ಲೋ ಯಾರ ಮನೇಲೋ ಇದ್ದಾನು. ಜ್ಞಾಪಕ ತಪ್ಪಿರಬಹುದು."

"ಹೂಂ ಅಮ್ಮ" ಎಂದಳು ಅರುಂಧತಿ. ಆ ಬೆಟ್ಟದ ಮೇಲೆ ಯಾರ ಮನೆಯೂ ಇಲ್ಲ ಎಂದು ಹೇಳಲು ಬಾಯಿ ಬರಲಿಲ್ಲ. ದಿನಾ ಬೆಳಗ್ಗೆ ಮೋಟೆಲಿನ ಕನ್ನಡಿಯ ಮುಂದೆ ಕುಂಕುಮ ಇಟ್ಟುಕೊಂಡಳು. ಇಡದೆ ಬಿಟ್ಟರೆ ತಾನೇ ಅವನನ್ನು ಕೊಂದ ಹಾಗೆ ಅನ್ನಿಸುತ್ತಿತ್ತು.

ಮೋಟೆಲ್ ಅಸುಂತಾ ಎಂಬ ಇಟಲಿಯ ವಿಧವೆಯದು. ಆ ಕಣಿವೆಯಲ್ಲಿ ಹೊಗೆಸೊಪ್ಪು ಬೆಳೆಯಲು ಬಂದ ಕುಟುಂಬಗಳಲ್ಲಿ ಅವಳದೂ ಒಂದು. ಗಂಡ ಟ್ರ್ಯಾಕ್ಟರ್ ಅಡಿ ಸತ್ತಿದ್ದ. ಹೆಚ್ಚು ಮಾತಿನವಳಲ್ಲ. ಎರಡನೆಯ ವಾರ ಅರುಂಧತಿಯ ಕೋಣೆಗೆ ಬಂದು, "ನೀನು ಕಾಯಬೇಕು. ಸುಮ್ಮನೆ ಕೂತು ಕಾಯಬೇಡ, ಹುಚ್ಚು ಹಿಡಿಯುತ್ತದೆ. ನನಗೆ ಕೋಣೆ ಗುಡಿಸುವವರು ಬೇಕು. ಈ ಕೋಣೆ ನಿನಗಿರಲಿ" ಎಂದಳು. ಅರುಂಧತಿ ಪೊರಕೆ ಹಿಡಿದಳು. ಮಹತಿಯನ್ನು ಊರಿನ ಶಾಲೆಗೆ ಸೇರಿಸಿದಳು.

ಹೀಗೆ ಅವಳ ಕಾಯುವಿಕೆ ಶುರುವಾಯಿತು. ಹಾಸಿಗೆಯ ಚಾದರ ಬದಲಿಸುವುದು, ಕಕ್ಕಸು ತೊಳೆಯುವುದು, ಟೀ ಪೊಟ್ಟಣಗಳನ್ನು ಜೋಡಿಸುವುದು. ಪ್ರತಿ ಕೋಣೆಯ ಮೇಜಿನ ಮೇಲೆ ಬ್ರೈಟ್‌ನಲ್ಲಿ ಏನೇನು ಮಾಡಬಹುದು ಎಂಬ ಬಣ್ಣದ ಕರಪತ್ರ ಇಡುವುದೂ ಅವಳದೇ ಕೆಲಸ. ಮುಖಪುಟದಲ್ಲಿ ಹಲಗೆಯ ಮೇಲೆ ಜಾರುತ್ತಾ ನಗುವ ಒಂದು ಸಂಸಾರ. ಅವಳು ಅದನ್ನು ಬೋರಲು ಹಾಕಿ ಇಟ್ಟು ಬರುತ್ತಿದ್ದಳು. ಅಸುಂತಾ ನೋಡಿಯೂ ನೋಡದ ಹಾಗಿದ್ದಳು.

ಆದರೆ ಮಗು ಮಗುವೇ. ಭಾನುವಾರಗಳಲ್ಲಿ ಮಹತಿ, "ಅಮ್ಮಾ, ಬೋರ್ ಆಗ್ತಿದೆ" ಎನ್ನುತ್ತಿದ್ದಳು. ಅದಕ್ಕಾಗಿ ಅರುಂಧತಿ ಆ ಕರಪತ್ರದಲ್ಲಿದ್ದುದನ್ನೆಲ್ಲ ಒಂದೊಂದಾಗಿ ಮಾಡಿದಳು. ಹೊಳೆಯ ಕೊರಕಲಿನ ಬಂಡೆಗಳ ಮೇಲೆ ನಡೆದರು. ಅಸುಂತಾಳ ಹಳೆಯ ವ್ಯಾನಿನಲ್ಲಿ ಬಫಲೋ ಬೆಟ್ಟದ ಅಂಚಿಗೆ ಹೋಗಿ ಕೆಳಗಿನ ಕಣಿವೆ ನೋಡಿದರು. ಆಗಸ್ಟ್‌ನಲ್ಲಿ ವಾಟಲ್ ಮರಗಳು ಹಳದಿ ಹೂ ಬಿಟ್ಟಾಗ ಬೈಸಿಕಲ್ ಬಾಡಿಗೆಗೆ ತಂದು ಮಹತಿಗೆ ಕಲಿಸಿದಳು. ಮೈಸೂರಿನಲ್ಲಿ ಶಾಲೆಗೆ ಬೈಸಿಕಲ್ಲಿನಲ್ಲೇ ಹೋಗುತ್ತಿದ್ದ ಕೈ ಅದು. ಎಲ್ಲಿ ಹೋದರೂ ಕಣ್ಣು ತಿರುಗುತ್ತಿದ್ದುದು ದೂರದ ಬಿಳಿಯ ಶಿಖರಗಳ ಕಡೆಗೆ. ಹಿಮದ ಗೆರೆ ಎಷ್ಟು ಮೇಲೆ ಸರಿಯಿತು ಎಂದು ನೋಡುತ್ತಿದ್ದಳು. ಒಮ್ಮೆ ಸೆಪ್ಟೆಂಬರಿನಲ್ಲಿ ಮತ್ತೆ ಜೋರಾಗಿ ಹಿಮ ಬಿದ್ದಿತು. ಮೋಟೆಲಿಗೆ ಬಂದಿದ್ದ ಸ್ಕೀ ಹುಡುಗರು ಕುಣಿದಾಡಿದರು. ಅರುಂಧತಿ ಸ್ನಾನದ ಕೋಣೆಯ ನಲ್ಲಿ ಬಿಟ್ಟುಕೊಂಡು ಅತ್ತಳು.

ಅಕ್ಟೋಬರ್ ಕೊನೆಗೆ, ನಡೆಯಲು ಹೋಗಿದ್ದ ಒಂದು ಜೋಡಿಗೆ ಲಕ್ಷ್ಮೀಶ ಸಿಕ್ಕಿದ.

ಸಾರ್ಜೆಂಟ್ ಬಂದಾಗ ಅವಳು ಎರಡು ಕೈಯಲ್ಲೂ ಚಾದರ ಹಿಡಿದಿದ್ದಳು. ಅವನ ಮುಖ ನೋಡಿಯೇ ತಿಳಿಯಿತು. "ಆ ಕಡೆಯ ಇಳಿಜಾರಿನಲ್ಲಾ?" ಎಂದು ಕೇಳಿದಳು.

"ಅಲ್ಲ. ಈ ಕಡೆ. ರಸ್ತೆಯಿಂದ ಬಹಳ ದೂರವೇನಿಲ್ಲ. ಒಂದು ಸ್ನೋ ಗಮ್ ಮರದ ಬುಡಕ್ಕೆ ಒರಗಿ ಕೂತಿದ್ದರು. ನಾವು ಅಲ್ಲಿ ಹುಡುಕಲೇ ಇಲ್ಲ." ಅವನು ಕಿಟಕಿಯಾಚೆ ನೋಡಿದ. "ಗೆಳೆಯನನ್ನು ಹುಡುಕುತ್ತಾ ಅಷ್ಟು ದೂರ ವಾಪಸ್ ಬಂದಿರಬೇಕು, ಪಾಪ."

ದೇಹ ನೋಡುವುದು ಬೇಡ ಎಂದರು. ಹಲ್ಲಿನ ಎಕ್ಸ್‌ರೇಯಲ್ಲಿ ಗುರುತು ಸಿಕ್ಕಿತ್ತು. ವಸ್ತುಗಳನ್ನು ಮಾತ್ರ ಪಾರದರ್ಶಕ ಚೀಲಗಳಲ್ಲಿ ಹಾಕಿ ಮೇಜಿನ ಮೇಲಿಟ್ಟರು. ಕೈಗಡಿಯಾರ, ಮನೆಯ ಬೀಗದಕೈ, ಕನ್ನಡಕ. ಕೊನೆಯ ಚೀಲದಲ್ಲಿ ಮಣ್ಣು ಮೆತ್ತಿದ ಮಫ್ಲರ್. ಮರೂನ್ ಬಣ್ಣ, ಅಂಚಿಗೆ ಸಾಸಿವೆ ಹಳದಿ.

"ಇದು ಅವರ ಕೊರಳಲ್ಲಿತ್ತು. ಎರಡು ಸುತ್ತು ಹಾಕಿ ಗಂಟು ಕಟ್ಟಿದ್ದರು. ಇದೆಲ್ಲ ನಿಮ್ಮ ಯಜಮಾನರದೇ ಅಲ್ಲವೇ?"

ಮಂಜಿನಲ್ಲಿ ತಪ್ಪಿಹೋದವನ ಕೊರಳಿಗೆ ಇನ್ನೊಬ್ಬನ ಮಫ್ಲರ್ ಗಂಟು ಹಾಕಿಕೊಂಡು ಬರುವುದಿಲ್ಲ. ಅರುಂಧತಿಗೆ ಇಡೀ ಚಿತ್ರ ಒಮ್ಮೆಗೇ ಕಂಡಿತು. ಮರದ ಬುಡದಲ್ಲಿ ಕುಸಿದ ಗಂಡ. ಬಗ್ಗಿ ತನ್ನ ಕೊರಳಿನದನ್ನು ಬಿಚ್ಚಿ ಕಟ್ಟುತ್ತಿರುವ ಗುರುದತ್ತ. ಆಮೇಲೆ ಹೋಗುತ್ತಿರುವ ಗುರುದತ್ತ. ನಕ್ಷೆಯ ಮೇಲೆ ಬೇರೆಲ್ಲೋ ಬೆರಳಿಡುತ್ತಿರುವ ಗುರುದತ್ತ.

"ಹೌದು, ಅವರದೇ" ಎಂದಳು.

ಯಾಕೆ ಹಾಗೆ ಹೇಳಿದೆ ಎಂದು ಆ ಗಳಿಗೆಯಲ್ಲಿ ಅವಳಿಗೇ ಗೊತ್ತಿರಲಿಲ್ಲ.

ಅಂತ್ಯಕ್ರಿಯೆ ಮೆಲ್ಬೋರ್ನ್‌ನಲ್ಲಿ ಆಯಿತು. ಆಗ ಅಲ್ಲಿ ಕನ್ನಡದ ಪುರೋಹಿತರಿರಲಿಲ್ಲ. ತಿರುಮಲೇಶ್ ಎಂಬ ಹಿರಿಯ ಡಾಕ್ಟರರು, ತಂದೆಯಿಂದ ಕಲಿತಷ್ಟು ಮಂತ್ರ ಬಲ್ಲವರು, ಮುಂದೆ ನಿಂತು ಮಾಡಿಸಿದರು. ಗಂಡುಮಕ್ಕಳಿಲ್ಲ, ಯಾರ ಕೈಯಲ್ಲಿ ಮಾಡಿಸುವುದು ಎಂಬ ಪ್ರಶ್ನೆ ಬಂತು. ಭಾಗೀರಥಮ್ಮ ಫೋನಿನಲ್ಲಿ, "ಗುರುದತ್ತ ಇದಾನಲ್ಲ, ತಮ್ಮನ ಹಾಗೆ. ಅವನೇ ಮಾಡಲಿ" ಎಂದರು. ಗುರುದತ್ತ ಪಂಚೆ ಉಟ್ಟುಕೊಂಡು ಸಿದ್ಧನಾಗಿಯೂ ಬಂದಿದ್ದ.

"ಬೇಡ" ಎಂದಳು ಅರುಂಧತಿ. "ಮಹತಿ ಮಾಡ್ತಾಳೆ."

"ಚಿಕ್ಕ ಮಗು ಕಣಮ್ಮ. ಹೆಣ್ಣುಮಗು ಬೇರೆ" ಎಂದರು ವಸಂತಾ.

"ಮಹತಿ ಮಾಡ್ತಾಳೆ ಆಂಟಿ."

ಅವಳ ದನಿಯಲ್ಲಿ ಏನಿತ್ತೋ, ತಿರುಮಲೇಶ್ ಮರುಮಾತಾಡದೆ ಮಗುವನ್ನು ಹತ್ತಿರ ಕರೆದರು. ಚಿತಾಗಾರದ ಗುಂಡಿ ಒತ್ತಿದ್ದು ಆ ಪುಟ್ಟ ಕೈಯೇ. ಗುರುದತ್ತ ಗೋಡೆಗೆ ಆತು ನಿಂತಿದ್ದ. ಅರುಂಧತಿ ಅವನನ್ನೇ ನೋಡುತ್ತಿದ್ದಳು. ಈಗ ಹೇಳುತ್ತಾನೆ, ಇನ್ನೊಂದು ಗಳಿಗೆಯಲ್ಲಿ ಹತ್ತಿರ ಬಂದು ಹೇಳುತ್ತಾನೆ ಎಂದು ಕಾದಳು. ಶುಭಸ್ವೀಕಾರದ ದಿನ ವಸಂತಾ ಅವರ ಮನೆಯಲ್ಲಿ ಊಟಕ್ಕೆ ಕೂತಾಗಲೂ ಕಾದಳು. ಅವನು ತಲೆ ತಗ್ಗಿಸಿ ಉಂಡು ಎದ್ದ.

ಗಂಡಹೆಂಡತಿ ಸಿಡ್ನಿಗೆ ಹೊರಡುವಾಗ ಅರುಂಧತಿ ಉಷಾಳನ್ನು ಒಳಕೋಣೆಗೆ ಕರೆದಳು. ಒಗೆದು ಮಡಿಸಿದ್ದ ಮಫ್ಲರನ್ನು ಕೈಗಿತ್ತಳು. "ನಿಮ್ಮನೇದು ಇದು ಉಷಾ. ನಮ್ಮವರ ಕೊರಳಲ್ಲಿತ್ತಂತೆ."

ಉಷಾ ಅದನ್ನು ತಿರುವಿ ತಿರುವಿ ನೋಡಿದಳು. ಕಳೆದುಹೋಯಿತು, ಗಾಳಿಗೆ ಹಾರಿಹೋಯಿತು ಎಂದಿದ್ದ ಅವಳ ಗಂಡ. ಮುಖದ ಬಣ್ಣ ಇಳಿಯಿತು. ಅದನ್ನು ಬ್ಯಾಗಿನಲ್ಲಿಟ್ಟುಕೊಂಡು ಹೋದಳು. ಪೊಲೀಸರಿಗೆ ಹೇಳದೆ ನುಂಗಿಕೊಂಡದ್ದನ್ನು ಆ ಹುಡುಗಿಯ ಮಡಿಲಿಗೆ ಹಾಕಿದ್ದು ಸರಿಯೇ ಎಂದು ಅರುಂಧತಿ ಆಮೇಲೆ ಬಹಳ ಸಲ ಯೋಚಿಸಿದ್ದುಂಟು. ಅವತ್ತು ಮಾತ್ರ ಹಾಕಿಯೇ ತೀರಬೇಕೆನಿಸಿತ್ತು.

ಕ್ರೇಗಿಬರ್ನ್‌ನ ಮನೆ ಖಾಲಿ ಮಾಡಿ ಅವಳು ಬ್ರೈಟ್‌ಗೇ ಮರಳಿದಳು. ಇನ್ನೇಕೆ ಎಂದು ಎಲ್ಲರೂ ಕೇಳಿದರು. ಮಹತಿಗೆ ಅಲ್ಲಿ ಶಾಲೆ ಹೊಂದಿದೆ ಎಂದಳು. ಅದೂ ನಿಜವೇ. ಬೇರೆ ಯಾವ ಊರಿನಲ್ಲಿ ಬೆಳಗ್ಗೆ ಹೇಗೆ ಏಳಬೇಕೆಂದು ಅವಳಿಗೆ ತಿಳಿಯದಾಗಿತ್ತು, ಅದು ಅದಕ್ಕಿಂತ ದೊಡ್ಡ ನಿಜ.

ಜನವರಿಯಲ್ಲಿ ಗುರುದತ್ತ ಬಂದ. ಒಬ್ಬನೇ ಸಿಡ್ನಿಯಿಂದ ಕಾರು ಓಡಿಸಿಕೊಂಡು ಬಂದಿದ್ದ. ಮೋಟೆಲಿನ ಅಂಗಳದಲ್ಲಿ ನಿಂತು, "ಉಷಾ ಕಳಿಸಿದಳು ಅತ್ತಿಗೆ. ನಿಮ್ಮ ಹತ್ತಿರ ಹೇಳೋವರೆಗೂ ಮನೆಗೆ ಬರಬೇಡ ಅಂದಿದಾಳೆ" ಎಂದ.

"ಇಲ್ಲಿ ಹೇಳಬೇಡಿ. ಜಾಗಕ್ಕೆ ಕರ್ಕೊಂಡು ಹೋಗಿ."

ಬೆಟ್ಟದ ಮೇಲೆ ಬೇಸಗೆ. ಹುಲ್ಲಿನ ತುಂಬ ಬಿಳಿಯ ಡೈಸಿ ಹೂ, ದೂರದಲ್ಲಿ ಮೇಯುವ ದನ. ಅದೇ ಫಲಕದ ಹತ್ತಿರ ಕಾರು ನಿಲ್ಲಿಸಿ ಅವನು ಮುಂದೆ ನಡೆದ. ಸ್ವಲ್ಪ ಹೊತ್ತಿಗೇ ನಿಂತುಬಿಟ್ಟ. ಸೊಟ್ಟಗೆ ಬೆಳೆದ ಒಂದು ಮರ. ಅರುಂಧತಿ ಹಿಂದಿರುಗಿ ನೋಡಿದಳು. ರಸ್ತೆ ಕಾಣುತ್ತಿತ್ತು. ಹೋಗುವ ಕಾರಿನ ಸದ್ದು ಕೇಳಿಸುತ್ತಿತ್ತು.

"ಹಟ್ ತನಕ ನಾವು ಹೋಗ್ಲೇ ಇಲ್ಲ" ಎಂದ ಗುರುದತ್ತ. "ಮಂಜು ಬಂದ ತಕ್ಷಣ ತಿರುಗಿದ್ವಿ. ಕಂಬ ಬಿಟ್ಟು ಕಂಬ ಹಿಡ್ಕೊಂಡು ಇಲ್ಲಿವರೆಗೂ ಬಂದ್ವಿ. ಎಲ್ಲಿದೀವಿ ಅಂತ ಗೊತ್ತಾಗ್ಲಿಲ್ಲ. ರೋಡ್ ಇಷ್ಟು ಹತ್ತಿರ ಇದೆ ಅಂತ ದೇವರಾಣೆ ಗೊತ್ತಿರ್ಲಿಲ್ಲ. ಅವನ ಮಂಡಿ ಕೈಕೊಡ್ತು. ಪ್ಯಾಂಟೆಲ್ಲ ಒದ್ದೆಯಾಗಿ ಮರಗಟ್ಟಿತ್ತು. ಕೂತ್ಬಿಟ್ಟ. ಎತ್ತಕ್ಕೆ ನೋಡ್ದೆ, ಇಬ್ರೂ ಬಿದ್ವಿ. ಮತ್ತೆ ಎತ್ತಿದೆ. ಆಗ್ಲಿಲ್ಲ ಅತ್ತಿಗೆ."

"ಆಮೇಲೆ?"

"ಮಫ್ಲರ್ ಕಟ್ಟಿದೆ. ಯಾರನ್ನಾದ್ರೂ ಕರ್ಕೊಂಬರ್ತೀನಿ, ಇಲ್ಲೇ ಇರು ಅಂದೆ."

"ಅವರೇನಂದ್ರು?"

ಗುರುದತ್ತ ನೆಲ ನೋಡುತ್ತಾ ನಿಂತ. ಅರುಂಧತಿ ಮತ್ತೊಮ್ಮೆ ಕೇಳಿದಳು.

"ಬಿಟ್ಟು ಹೋಗ್ಬೇಡ ಕಣೋ ಅಂದ. ನನ್ನ ಕೋಟ್ ಹಿಡ್ಕೊಂಡಿದ್ದ. ಬಿಡಿಸ್ಕೊಂಡು ಹೋದೆ."

ಗಾಳಿ ಬೀಸಿ ಹುಲ್ಲು ಒಂದೇ ಕಡೆಗೆ ಬಾಗಿತು. ಅವನು ಕೆಳಗೆ ಕುಸಿದು ಕೂತ.

"ನಿಮ್ಮ ಮುಖ ನೋಡಿದ ಕೂಡ್ಲೆ ಅದನ್ನ ಹೇಳೋಕಾಗ್ಲಿಲ್ಲ. ಬೇಡ ಬೇಡ ಅಂತಿದ್ದವನನ್ನ ಬಿಟ್ಟು ಬಂದೆ ಅಂತ ಹೇಗೆ ಹೇಳ್ಲಿ? ತಪ್ಪಿಹೋದ ಅಂದ್ಬಿಟ್ಟೆ. ಅಂದ ಮೇಲೆ ಎಲ್ಲಿ ಅಂತ ಕೇಳಿದ್ರು. ದೂರದ್ದು ತೋರಿಸಿದೆ. ಮಾರನೇ ದಿನ ಹೇಳೋಣ ಅಂದ್ಕೊಂಡೆ. ಅಷ್ಟರಲ್ಲಿ ಇನ್ನೇನು ಉಪಯೋಗ ಅನ್ನಿಸ್ತು."

ಅರುಂಧತಿಯ ದನಿ ಏರಲಿಲ್ಲ.

"ನೀವು ಹೋಗಿದ್ದು ತಪ್ಪಲ್ಲ ಗುರುದತ್ತ. ಕೂತಿದ್ರೆ ಇಬ್ರೂ ಸಾಯ್ತಿದ್ರಿ. ರೋಡಿಗೆ ಬಂದು, ಮರದ ಕೆಳಗೆ ಕೂರಿಸಿ ಬಂದಿದೀನಿ ಅಂದಿದ್ರೆ ಸಾಕಾಗಿತ್ತು. ಅಷ್ಟೇ ಸಾಕಾಗಿತ್ತು."

"ಬದುಕ್ತಿದ್ನೋ ಇಲ್ವೋ..."

"ಗೊತ್ತಿಲ್ಲ. ನಿಮಗೂ ಗೊತ್ತಿಲ್ಲ. ಯಾರಿಗೂ ಗೊತ್ತಾಗದ ಹಾಗೆ ಮಾಡಿಟ್ರಿ."

ಅವನು ಎದ್ದು, ಈಗಲೇ ಪೊಲೀಸ್ ಸ್ಟೇಷನ್‌ಗೆ ಹೋಗಿ ಎಲ್ಲ ಹೇಳುತ್ತೇನೆ ಎಂದ. ಅವಳು ಬೇಡವೆಂದಳು. "ಮಫ್ಲರ್ ಅವರದೇ ಅಂತ ನಾನು ಹೇಳಿಯಾಗಿದೆ. ಅಪ್ಪ ಮಂಜಲ್ಲಿ ದಾರಿ ತಪ್ಪಿದ್ರು ಅಂತ ಮಹತಿ ತಿಳ್ಕೊಂಡಿದಾಳೆ. ಹಾಗೇ ಇರ್ಲಿ. ಅಪ್ಪ ಹೀಗೆ ಕೇಳ್ಕೊಂಡ್ರು ಅನ್ನೋದು ಅವಳ ಕಿವಿಗೆ ಬೀಳೋದು ಬೇಡ. ನೀವು ಊರಿಗೆ ಹೋಗಿ. ಇನ್ನು ಬರಬೇಡಿ."

ಗುರುದತ್ತ ಅವಳನ್ನು ಮೋಟೆಲ್ ಬಾಗಿಲಲ್ಲಿ ಇಳಿಸಿ ಹೋದ. ಆಮೇಲೆ ಅವರು ಭೇಟಿಯಾಗಲಿಲ್ಲ.

ಆ ಊರಿನ ಶಾಲೆಯಲ್ಲಿ ಚಳಿಗಾಲ ಬಂದರೆ ವಾರಕ್ಕೊಂದು ದಿನ ಮಕ್ಕಳನ್ನು ಸ್ಕೀಯಿಂಗ್‌ಗೆ ಬೆಟ್ಟಕ್ಕೆ ಕರೆದೊಯ್ಯುತ್ತಾರೆ. ಮಹತಿಯನ್ನು ಕಳಿಸಬೇಕಿಲ್ಲ ಎಂದು ಮೇಷ್ಟರೇ ಹೇಳಿದರು. ಎರಡು ಚಳಿಗಾಲ ಅರುಂಧತಿ ಕಳಿಸಲಿಲ್ಲ. ಶಾಲೆಯೆಲ್ಲ ಖಾಲಿಯಾದ ಆ ದಿನಗಳಲ್ಲಿ ಮಗಳು ಲೈಬ್ರರಿಯಲ್ಲಿ ಒಬ್ಬಳೇ ಕೂತಿರುತ್ತಾಳೆಂದು ಅಸುಂತಾ ಹೇಳಿದ ಮೇಲೆ ಮೂರನೆಯ ಚಳಿಗಾಲ ಒಪ್ಪಿದಳು. ಮೊದಲ ಸಲ ತಾನೂ ಬಸ್ಸಿನಲ್ಲಿ ಹೋಗಿ ಇಡೀ ದಿನ ಹಿಮದಲ್ಲಿ ನಿಂತಳು. ಮಹತಿ ಬಿದ್ದಳು, ಎದ್ದಳು, ಗೆಳತಿಯರ ಜೊತೆ ಕೇಕೆ ಹಾಕಿದಳು. ಅರುಂಧತಿಗೆ ಸಂತೋಷವಾಗಲಿಲ್ಲ. ಆದರೆ ಮುಂದಿನ ವಾರ ಅವಳು ಮೋಟೆಲಿನಲ್ಲೇ ಉಳಿದಳು.

1995ರಲ್ಲಿ ಊರಿನ ಪ್ರವಾಸಿ ಮಾಹಿತಿ ಕೇಂದ್ರದಲ್ಲಿ ಅವಳಿಗೆ ಕೆಲಸ ಸಿಕ್ಕಿತು. ತಾಯಿ ಮಗಳು ಮೋಟೆಲಿನ ಕೋಣೆ ಬಿಟ್ಟು ಹತ್ತಿರದಲ್ಲೇ ಪುಟ್ಟ ಮನೆ ಹಿಡಿದರು. ಎಲ್ಲಿ ಉಳಿಯಬೇಕು, ಏನು ನೋಡಬೇಕು ಎಂದು ಕೇಳಿಕೊಂಡು ಬರುವವರಿಗೆ ಕೌಂಟರಿನ ಹಿಂದೆ ನಿಂತು ಹೇಳುವುದು. ಆ ಹೊತ್ತಿಗೆ ಸಿಡ್ನಿ, ಮೆಲ್ಬೋರ್ನ್‌ಗಳಲ್ಲಿ ಕಂಪ್ಯೂಟರ್ ಕೆಲಸಕ್ಕೆ ಬಂದ ಕನ್ನಡದ ಹುಡುಗ ಹುಡುಗಿಯರು ಹೆಚ್ಚಾಗಿದ್ದರು. ರಜೆ ಬಂದರೆ ಹಿಮ ನೋಡಲು ಹೊರಡುತ್ತಿದ್ದರು. ಅವಳು ನಡುನಡುವೆ ಕನ್ನಡದಲ್ಲಿ ಮಾತಾಡಿದಾಗ ಬೆಚ್ಚಿ ನಗುತ್ತಿದ್ದರು. "ಆಂಟಿ, ನೀವು ಇಲ್ಲಿ?" ಎನ್ನುತ್ತಿದ್ದರು. ಅವಳು ಹೊಳೆಯ ದಾರಿ, ಬಫಲೋ, ಶರತ್ಕಾಲದಲ್ಲಿ ಕೆಂಪಾಗುವ ಬೀದಿ, ಮಕ್ಕಳು ಜಾರುವ ಜಾಗ ಎಲ್ಲ ಹೇಳುತ್ತಿದ್ದಳು. ಮೋಡ ಕಂಡರೆ ಕೆಳಗಿಳಿಯಿರಿ ಎಂದು ಹೇಳುವಾಗ ಮಾತ್ರ ದನಿ ಒರಟಾಗುತ್ತಿತ್ತು. ತನ್ನ ಕತೆ ಹೇಳುತ್ತಿರಲಿಲ್ಲ.

1998ರ ರಜೆಯಲ್ಲಿ ಮಹತಿ ಗೆಳತಿಯರ ಜೊತೆ ಸಿಡ್ನಿಗೆ ಹೋದಳು. ಹದಿನಾರು ವರ್ಷ. ಹಳೆಯ ಪ್ರೀತಿಯಿಂದ ಉಷಾ ಆಂಟಿಯನ್ನು ನೋಡಲು ಹೋದಳು. ಗುರುದತ್ತ ಆಗ ನಾರ್ವೆಸ್ಟ್ ಬಡಾವಣೆಯ ಹೊಸ ಆಫೀಸೊಂದಕ್ಕೆ ಹೋಗುತ್ತಿದ್ದ. ಗಂಡಹೆಂಡತಿ ಒಂದೇ ಮನೆಯಲ್ಲಿದ್ದರೂ ಅಡುಗೆಮನೆಯಲ್ಲಿ ಎದುರಾದರೆ ಪಕ್ಕಕ್ಕೆ ಸರಿಯುತ್ತಿದ್ದರು. ಮಹತಿಗೆ ಗೊತ್ತಿರಬಹುದೆಂದೇ ಉಷಾ ಮಾತು ತೆಗೆದಳು. ಗೊತ್ತಿಲ್ಲ ಎಂದು ತಿಳಿಯುವಷ್ಟರಲ್ಲಿ ಅರ್ಧ ಹೊರಬಿದ್ದಿತ್ತು. ಉಳಿದರ್ಧವನ್ನು ಹುಡುಗಿ ಬಿಡದೆ ಕೇಳಿದಳು.

ಬ್ರೈಟ್‌ಗೆ ಮರಳಿದ ದಿನ ಬ್ಯಾಗು ಕೆಳಗಿಡದೆ ಬಾಗಿಲಲ್ಲೇ ನಿಂತು, "ಯೂ ಲೈಡ್ ಟೂ, ಅಮ್ಮಾ" ಎಂದಳು. ಅಂಕಲ್ ಒಬ್ಬರೇ ಅಲ್ಲ, ನೀನೂ ಸುಳ್ಳು ಹೇಳಿದೆ.

"ನಿನಗೋಸ್ಕರ ಕಣೇ..."

"ಡೋಂಟ್ ಸೇ ದಟ್."

ಹುಡುಗಿಯ ಮಾತಿನಲ್ಲಿ ತಳ್ಳಿಹಾಕುವುದೇನೂ ಇರಲಿಲ್ಲ. ಗುರುದತ್ತನ ಹಾಗೆ ತಾನು ಮಾಡಿದ್ದೂ ಅದೇ: ಒಂದು ಮುಖ ನೋಡಿ, ಹೇಳಲಾರದೆ, ಬೇರೆಯದನ್ನು ಹೇಳಿದ್ದು. ಆ ವರ್ಷವೆಲ್ಲ ಮನೆಯಲ್ಲಿ ಮಾತು ಊಟ ತಿಂಡಿಗಷ್ಟೇ ಇತ್ತು. ಮುಂದಿನ ವರ್ಷ ಮಹತಿ ನರ್ಸಿಂಗ್ ಓದಲು ಮೆಲ್ಬೋರ್ನ್‌ಗೆ ಹೋದಳು. ವಸಂತಾ ಆಂಟಿಯ ಮನೆಯಲ್ಲಿ ಉಳಿದುಕೊಂಡಳು. ಚಳಿಗಾಲದ ರಜೆಗೆ ಬರಲಿಲ್ಲ.

ನವೆಂಬರಿನಲ್ಲಿ ಹೇಳದೆ ಕೇಳದೆ ಬಸ್ಸಿಳಿದು ಬಂದಳು. "ಆ ಮರ ಎಲ್ಲಿದೆ ಹೇಳು" ಎಂದಳು. ಅರುಂಧತಿ ಬರುತ್ತೇನೆಂದಳು. ಮಹತಿ ಬೇಡ ಎಂದಳು. ಅಸುಂತಾಳ ವ್ಯಾನ್ ತೆಗೆದುಕೊಂಡು ಒಬ್ಬಳೇ ಹೋದಳು. ಆಗ ಅವಳಿಗೆ ಹದಿನೇಳು ತುಂಬಿ, ಹದಿನೆಂಟಕ್ಕೆ ಕೆಲವೇ ದಿನ. ಲೈಸೆನ್ಸ್ ಇನ್ನೂ ಕೈಗೆ ಬಂದಿರಲಿಲ್ಲ. ಅಸುಂತಾ ಅದನ್ನು ಕೇಳಲೂ ಇಲ್ಲ.

ಅರುಂಧತಿ ಕೆಲಸಕ್ಕೆ ಹೋಗದೆ ಮುಂಬಾಗಿಲಲ್ಲಿ ಕೂತಳು. ಸಂಜೆ ವ್ಯಾನ್ ಬಂದು ನಿಂತಿತು. ಮಹತಿ ಇಳಿದು, ಶೂ ಬಿಚ್ಚಿ, ಪಕ್ಕದಲ್ಲಿ ಕೂತಳು. ಅವಳ ಕಣ್ಣು ಊದಿತ್ತು.

"ನನಗೆ ಇನ್ನೂ ಕೋಪ ಇದೆ" ಎಂದಳು ಇಂಗ್ಲಿಷಿನಲ್ಲಿ.

"ಇರ್ಲಿ."

"ಹೋಗತ್ತೋ ಇಲ್ವೋ ಗೊತ್ತಿಲ್ಲ."

"ಇರ್ಲಿ ಕಣೇ. ಹಸಿವಾಗಿದೆಯಾ?"

ಮಹತಿ ಹೌದೆಂದು ತಲೆಯಾಡಿಸಿದಳು. ಅರುಂಧತಿ ಒಳಗೆ ಹೋಗಿ ಅನ್ನಕ್ಕಿಟ್ಟಳು.